ಮೈಸೂರಿಗೆ ವಾಪಸ್ ಬಂದಿದ್ದೇವೆ, ಅಮೆರಿಕದ ಬ್ಯಾಂಕ್ ಖಾತೆ ಉಳಿಸಿಕೊಳ್ಳೋದು ಹೇಗೆ?

ಕುವೆಂಪುನಗರದವಳು:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ 11 ವರ್ಷ ಇದ್ದು, 2022ರ ಜೂನ್‌ನಲ್ಲಿ ಮೈಸೂರಿಗೆ ವಾಪಸ್ ಬಂದೆವು. ಅತ್ತೆಗೆ ಲಕ್ವಾ ಹೊಡೆದಿತ್ತು, ಮೂರೇ ವಾರದಲ್ಲಿ ಹೊರಟಿದ್ದು. ಆ ಗಡಿಬಿಡಿಯಲ್ಲಿ ಮನೆ ಖಾಲಿ ಮಾಡಿದೆವು, ಕಾರು ಮಾರಿದೆವು, ಫೋನ್ ಪ್ಲಾನ್ ನಿಲ್ಲಿಸಿದೆವು. ನನ್ನ ಬ್ಯಾಂಕ್ ಖಾತೆ ಮಾತ್ರ ಹಾಗೇ ಬಿಟ್ಟೆ. ಅದರಲ್ಲಿ 4,380 ಡಾಲರ್ ಇದೆ.

ಮುಚ್ಚದೇ ಇದ್ದಿದ್ದಕ್ಕೆ ಕಾರಣ ಇದೆ. ನನ್ನ 401ಕೆ (ಅಲ್ಲಿನ ಕೆಲಸದ ನಿವೃತ್ತಿ ಉಳಿತಾಯ) ಹಣ ಇನ್ನೂ ಅಲ್ಲೇ ಇದೆ, ಮುಂದೆ ತೆಗೆದಾಗ ಬಂದು ಬೀಳೋಕೆ ಅಲ್ಲಿನ ಖಾತೆ ಇದ್ದರೆ ಸಲೀಸು. ಮಗ ಈಗ ಸೆಕೆಂಡ್ ಪಿಯುಸಿ, ಮುಂದೆ ಅಲ್ಲಿಗೆ ಓದೋಕೆ ಹೋಗ್ತೀನಿ ಅಂತಿದ್ದಾನೆ.

ಕೊನೆಯ ಸಲ ಆ ಖಾತೆ ಮುಟ್ಟಿದ್ದು 2023ರ ಫೆಬ್ರವರಿಯಲ್ಲಿ. ಹೋದ ತಿಂಗಳು ಬ್ಯಾಂಕಿನಿಂದ ಮೇಲ್ ಬಂತು: ಬಹಳ ದಿನದಿಂದ ನೀವು ಯಾವ ವ್ಯವಹಾರವನ್ನೂ ಮಾಡಿಲ್ಲ, ನಮ್ಮನ್ನು ಸಂಪರ್ಕಿಸಿ ಅಂತ. ಲಾಗಿನ್ ಮಾಡೋಕೆ ಹೋದರೆ ಪಾಸ್‌ವರ್ಡ್ ಸರಿ ಇದೆ, ಒಟಿಪಿ ಮಾತ್ರ ಹಳೇ ನಂಬರಿಗೆ ಹೋಗುತ್ತಿದೆ. ಆ ನಂಬರ್ ಈಗ ಬೇರೆ ಯಾರ ಹತ್ತಿರವೋ ಇದೆ. ನನ್ನ ಒಟಿಪಿ ಅವರ ಫೋನಲ್ಲಿ ಬೀಳುತ್ತಿದೆ ಅಂತ ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತೆ. ಡೆಬಿಟ್ ಕಾರ್ಡ್ ಅವಧಿಯೂ ಆಗಸ್ಟಿಗೆ ಮುಗಿದಿದೆ. ಹೊಸದು ಆ ಹಳೇ ಅಪಾರ್ಟ್‌ಮೆಂಟಿಗೇ ಹೋಗಿರಬೇಕು.

ಕಸ್ಟಮರ್ ಕೇರ್‌ಗೆ ನಮ್ಮ ರಾತ್ರಿ ಎಂಟೂವರೆಗೆ ಫೋನ್ ಮಾಡಿದೆ. 40 ನಿಮಿಷ ಅದೇ ಸಂಗೀತ. ಕೊನೆಗೆ ಒಬ್ಬಳು ಬಂದು, "ನಿಮ್ಮ ನಂಬರಿಗೆ ಒಂದು ಕೋಡ್ ಕಳಿಸ್ತೀನಿ, ಹೇಳಿ" ಅಂದಳು. ಆ ನಂಬರ್ ನನ್ನ ಹತ್ತಿರ ಇಲ್ಲ ಅಂದೆ. ಹಾಗಾದರೆ ಬ್ರಾಂಚಿಗೆ ಬನ್ನಿ ಅಂದಳು. ಮೈಸೂರಿಂದ ಎಡಿಸನ್‌ಗೆ!

ಯಾರಾದರೂ ಇದನ್ನು ದಾಟಿ ಬಂದಿದ್ದೀರಾ? ಇನ್ನೊಂದು ಅನುಮಾನ: ನಾವು ಇಲ್ಲಿ ನೆಲೆಸಿದ ಮೇಲೆ ಅಲ್ಲಿ ಖಾತೆ ಇಟ್ಟುಕೊಳ್ಳೋದು ಕಾನೂನಿಗೆ ಸರಿ ತಾನೇ?

ಹುಬ್ಬಳ್ಳಿ-ಡಲ್ಲಾಸ್:

ಅಕ್ಕಾರೆ, ಗಾಬರಿ ಆಗಬೇಡಿ. ಮೇಲ್ ಬಂದಿದೆ ಅಂದರೆ ಖಾತೆ ಇನ್ನೂ ಜೀವಂತ ಇದೆ ಅಂತ ಅರ್ಥ. ಆದರೆ ತಡ ಮಾಡಬೇಡಿ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಸಾಮಾನ್ಯವಾಗಿ 3ರಿಂದ 5 ವರ್ಷ ನಿಮ್ಮ ಕಡೆಯಿಂದ ಸುದ್ದಿಯೇ ಇಲ್ಲ ಅಂದರೆ ಬ್ಯಾಂಕು ಹಣವನ್ನು ಆ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು. ನೀವು 3 ಅಂತಲೇ ಲೆಕ್ಕ ಇಟ್ಟುಕೊಳ್ಳಿ. ತಿಂಗಳು ತಿಂಗಳು ಬಡ್ಡಿ ಬೀಳುತ್ತಿದೆಯಲ್ಲ ಅಂತ ಸುಮ್ನೆ ಕೂರಬೇಡಿ, ಅದು ನೀವು ಮಾಡಿದ ವ್ಯವಹಾರ ಅಲ್ಲ.

ಮತ್ತೆ ಫೋನ್ ಮಾಡಿದಾಗ ಮೊದಲ ಮಾತೇ ಇದು: "ನಿಮ್ಮಲ್ಲಿರುವ ನಂಬರ್ ಈಗ ನನ್ನದಲ್ಲ, ನಾನು ಭಾರತದಲ್ಲಿದ್ದೇನೆ, ಬರಹದ ಮೂಲಕ ಬದಲಾಯಿಸೋ ದಾರಿ ಹೇಳಿ." ನನಗೆ ಒಂದು ಫಾರಂ ಕಳಿಸಿದರು. ಸಹಿ, ಪಾಸ್‌ಪೋರ್ಟ್ ಪ್ರತಿ, ಅದರ ಮೇಲೆ ನೋಟರಿ. ಇಲ್ಲಿನ ನೋಟರಿ ಸಾಕಾ ಅಂತ ಮೊದಲೇ ಕೇಳಿ. ನಮ್ಮ ಬ್ಯಾಂಕಿನವರು ಒಪ್ಪಲಿಲ್ಲ, ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ ಮಾಡಿಸಿದೆ. ಒಂದು ಮುದ್ರೆಗೆ 50 ಡಾಲರ್, ಮೊದಲೇ ಆನ್‌ಲೈನ್‌ನಲ್ಲಿ ಸಮಯ ತಗೋಬೇಕು. ಕೊರಿಯರ್ ಮಾಡಿ ಮೂರು ವಾರಕ್ಕೆ ನಂಬರ್ ಬದಲಾಯಿತು.

ನಂಬರ್ ವಿಚಾರ ಇನ್ನೂ ಇದೆ. ನಾನು ಬರುವ ಮುಂಚೆ ನನ್ನ ಅಮೆರಿಕದ ನಂಬರನ್ನು ಗೂಗಲ್ ವಾಯ್ಸ್‌ಗೆ (ಇಂಟರ್ನೆಟ್ ಮೇಲೆ ನಡೆಯೋ ಫೋನ್ ಸೇವೆ) ವರ್ಗ ಮಾಡಿಸಿದ್ದೆ. ಒಂದೇ ಸಲ 20 ಡಾಲರ್. ಆದರೆ ಕೆಲವು ಬ್ಯಾಂಕುಗಳು ಇಂಥ ಇಂಟರ್ನೆಟ್ ನಂಬರಿಗೆ ಒಟಿಪಿ ಕಳಿಸಲ್ಲ. ಅದಕ್ಕೇ ಇನ್ನೊಂದು ಬ್ಯಾಂಕಿಗೆ ಅಲ್ಲಿನ ಪ್ರೀಪೇಯ್ಡ್ ಸಿಮ್ ಇಟ್ಟಿದ್ದೇನೆ, ವೈಫೈ ಕಾಲಿಂಗ್ ಆನ್ ಮಾಡಿ. ಆ ಹಳೇ ಫೋನ್ ನಮ್ಮ ದೇವರ ಮನೆ ಗೂಡಿನ ಪಕ್ಕ ಚಾರ್ಜಿಗೆ ಇರುತ್ತದೆ. ಹಿಂದೆ ಬಿಳಿ ಟೇಪ್ ಅಂಟಿಸಿ ಅವ್ವನೇ ಬರೆದಿದ್ದಾಳೆ: "ಡಲ್ಲಾಸ್. ಬಂದ್ ಮಾಡಬ್ಯಾಡ್ರಿ."

ವ್ಯವಹಾರಕ್ಕೆ ನಾನು ಎರಡು ದಿನ ಗೊತ್ತು ಮಾಡಿದ್ದೇನೆ, ಯುಗಾದಿ ಮತ್ತು ದೀಪಾವಳಿ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ 25 ಡಾಲರ್ ಕಳಿಸೋದು, ನಾಲ್ಕು ದಿನ ಬಿಟ್ಟು ವಾಪಸ್ ತರಿಸೋದು. ಸೇವಿಂಗ್ಸ್, ಚೆಕಿಂಗ್ (ದಿನದ ಖರ್ಚಿನ ಖಾತೆ) ಎರಡರಲ್ಲೂ ಏನಾದರೂ ಒಂದು ಓಡಾಡೋ ಹಾಗೆ ನೋಡ್ಕೊಳ್ತೀನಿ.

ಮಲ್ಲೇಶ್ವರದಿಂದ:

ನೋಡಮ್ಮಾ, ನನಗೆ ಆಗಿದ್ದು ನಿನಗೆ ಆಗಬಾರದು ಅಂತ ಬರೀತಿದ್ದೀನಿ. ಕ್ಯಾಲಿಫೋರ್ನಿಯಾದಲ್ಲಿ ನನ್ನದೊಂದು ಖಾತೆ ಇತ್ತು. ವಿಳಾಸ ಬದಲಾಯಿಸಲೇ ಇಲ್ಲ. ಬ್ಯಾಂಕಿನ ಕಾಗದಗಳು ಆ ಮನೆಗೆ ಹೋಗಿ ವಾಪಸ್ ಬರ್ತಾ ಇದ್ದವು, ನನಗೆ ಗೊತ್ತೇ ಇಲ್ಲ. ಒಂದು ದಿನ ನೋಡಿದರೆ ಖಾತೆಯೇ ಇಲ್ಲ. ನಮ್ಮಲ್ಲಿ 2 ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಅಂತಾರೆ, 10 ವರ್ಷಕ್ಕೆ ಹಣ ಆರ್‌ಬಿಐ ನಿಧಿಗೆ ಹೋಗುತ್ತೆ. ಅಲ್ಲಿ ಇನ್ನೂ ಬೇಗ.

ಹಣ ಮುಳುಗಲ್ಲ, ಅದು ಸಮಾಧಾನ. ಕ್ಯಾಲಿಫೋರ್ನಿಯಾ ಸರ್ಕಾರದ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿದೆ, ದುಡ್ಡು ಕೊಡಬೇಕಿಲ್ಲ. ನನ್ನ ಹೆಸರು, ಹಳೇ ಬೀದಿಯ ಹೆಸರು ಎರಡೂ ಇತ್ತು. ಆ ವಿಳಾಸದಲ್ಲಿ ಇದ್ದವಳು ನಾನೇ ಅಂತ ತೋರಿಸಬೇಕಿತ್ತು. ಸದ್ಯ, ಹಳೇ ಡಬ್ಲ್ಯು-2 (ಕಂಪನಿ ಕೊಡೋ ವರ್ಷದ ಸಂಬಳ-ತೆರಿಗೆ ಲೆಕ್ಕ) ಚೀಟಿಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೆ. ಆದರೆ ಬಂದಿದ್ದು ಡಾಲರ್ ಚೆಕ್ಕು. ಹಾಕೋಕೆ ಅಲ್ಲಿ ಖಾತೆಯೇ ಇರಲಿಲ್ಲ! ಇಲ್ಲಿನ ಬ್ಯಾಂಕಿನಲ್ಲಿ ಕಲೆಕ್ಷನ್‌ಗೆ ಕೊಟ್ಟು, ಕಮಿಷನ್ ಮುರಿದು, 7 ವಾರ ಕಾದೆ.

ಅಲ್ಲಿ ನಂಬಿಕಸ್ತರು ಯಾರಾದರೂ ಇದ್ದರೆ ಕೇಳಿ, ಅವರ ವಿಳಾಸವನ್ನು ಪತ್ರಕ್ಕೆ ಮಾತ್ರ ಕೊಡು. ವಾಸದ ವಿಳಾಸಕ್ಕೆ ಸುಳ್ಳು ಹೇಳಬೇಡ. ಹೊರದೇಶದ ವಿಳಾಸ ಇದ್ದರೆ ಖಾತೆ ಮುಂದುವರಿಸ್ತೀರಾ ಅಂತ ಬ್ಯಾಂಕನ್ನೇ ಕೇಳು. ಕೆಲವರು ಒಪ್ಪಲ್ಲ.

ಉಡುಪಿ ಲೆಕ್ಕದವ:

ಮೇಡಂ, ಕಾನೂನಿನ ಪ್ರಶ್ನೆಗೆ. ಖಾತೆ ಇಟ್ಟುಕೊಳ್ಳಬಹುದು, ಧೈರ್ಯವಾಗಿ ಇರಿ. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯ 6(4)ನೇ ಸೆಕ್ಷನ್ ಪ್ರಕಾರ, ಹೊರಗಿದ್ದಾಗ ಅಲ್ಲಿ ಗಳಿಸಿದ್ದನ್ನು ಇಲ್ಲಿಗೆ ಬಂದ ಮೇಲೂ ಅಲ್ಲೇ ಇಟ್ಟುಕೊಳ್ಳಬಹುದು.

ಎಡವೋದು ಆದಾಯ ತೆರಿಗೆಯಲ್ಲಿ. ವಾಪಸ್ ಬಂದ ಮೊದಲ ಎರಡು ಮೂರು ವರ್ಷ ನೀವು ಆರ್‌ಎನ್‌ಒಆರ್ (ಇಲ್ಲಿನ ನಿವಾಸಿ, ಆದರೆ ತೆರಿಗೆಗೆ ಸಾಮಾನ್ಯ ನಿವಾಸಿ ಅಲ್ಲ), ಆಗ ಇದನ್ನು ತೋರಿಸಬೇಕಿಲ್ಲ. ಆದರೆ ಆಗಲೂ ಆಮೇಲೂ ಐಟಿಆರ್-1 (ಸರಳ ರಿಟರ್ನ್ ಫಾರಂ) ಹಾಕಲೇಬಾರದು. ಆ ವರ್ಷಗಳು ಮುಗಿದ ಮೇಲೆ ಐಟಿಆರ್-2ರಲ್ಲಿ ಷೆಡ್ಯೂಲ್ ಎಫ್ಎ, ಅಂದರೆ ಹೊರದೇಶದ ಆಸ್ತಿಯ ಪಟ್ಟಿ, ತುಂಬಬೇಕು, ಬಡ್ಡಿ ಮೂರು ಡಾಲರ್ ಇದ್ದರೂ. ಅಲ್ಲಿ ಕೇಳೋದು ಏಪ್ರಿಲ್-ಮಾರ್ಚ್ ಲೆಕ್ಕ ಅಲ್ಲ, ಜನವರಿಯಿಂದ ಡಿಸೆಂಬರ್. ಆ ವರ್ಷದಲ್ಲಿ ಅತಿ ಹೆಚ್ಚು ಎಷ್ಟಿತ್ತು, ಕೊನೆಗೆ ಎಷ್ಟಿತ್ತು, ಎರಡೂ ಬೇಕು. 401ಕೆ ಕೂಡ ಸೇರಿಸಿ, ಅದನ್ನೇ ಜನ ಮರೆಯೋದು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ದಂಡ ₹10 ಲಕ್ಷ. 2024ರ ಅಕ್ಟೋಬರ್ 1ರಿಂದ, ಮನೆ-ಜಮೀನಿನಂಥ ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು ₹20 ಲಕ್ಷದ ಒಳಗಿದ್ದರೆ ಆ ದಂಡ ಇಲ್ಲ. ತೋರಿಸೋದು ಮಾತ್ರ ತಪ್ಪಲ್ಲ.

ಹಾಗೇ, ಬ್ಯಾಂಕಿಗೆ ಡಬ್ಲ್ಯು-8ಬೆನ್ ಫಾರಂ ಕೊಡಿ. ನೀವು ಅಲ್ಲಿನ ತೆರಿಗೆ ನಿವಾಸಿ ಅಲ್ಲ ಅಂತ ಹೇಳೋ ಕಾಗದ ಅದು. ಸಹಿ ಮಾಡಿದ ವರ್ಷ ಬಿಟ್ಟು ಮೂರನೇ ವರ್ಷದ ಡಿಸೆಂಬರ್ 31ರವರೆಗೆ ನಡೆಯುತ್ತೆ. ಗ್ರೀನ್ ಕಾರ್ಡ್ ಇದ್ದರೆ ಈ ಮಾತು ಬೇರೆ, ಹೇಳಿ.

ಕುವೆಂಪುನಗರದವಳು:

ಗ್ರೀನ್ ಕಾರ್ಡ್ ಇಲ್ಲ ಸರ್, ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದಿದ್ದು. ಹೋದ ವರ್ಷದ ರಿಟರ್ನಲ್ಲಿ ಐಟಿಆರ್-1 ಹಾಕಿಬಿಟ್ಟಿದ್ದೆ, ಡಿಸೆಂಬರ್ 31ರ ಒಳಗೆ ತಿದ್ದಿ ಹಾಕ್ತಿದ್ದೇನೆ.

ಆರು ವಾರದ ಸುದ್ದಿ ಹೇಳ್ತೀನಿ. ಹುಬ್ಬಳ್ಳಿಯವರು ಹೇಳಿದ ಹಾಗೇ ಮಾತು ಶುರು ಮಾಡಿದೆ, ಈ ಸಲ ಫಾರಂ ಕಳಿಸಿದರು. ಚೆನ್ನೈಗೆ ರಾತ್ರಿ ರೈಲಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದೆ. ಮೈಸೂರಿನ ವಿಳಾಸಕ್ಕೆ ಬ್ಯಾಂಕಿನವರು ಒಪ್ಪಿದರು. ಪತ್ರಕ್ಕೆ ಎಡಿಸನ್‌ನಲ್ಲಿರೋ ನಮ್ಮ ಮೈದುನನ ವಿಳಾಸ, ಅವನ ಹೆಸರಲ್ಲೇ ತೆಗೆದ ಪ್ರೀಪೇಯ್ಡ್ ಸಿಮ್ ಈಗ ನನ್ನ ಹಳೇ ಫೋನಲ್ಲಿ. ನಿನ್ನೆ ರಾತ್ರಿ 10:20ಕ್ಕೆ ಮೊದಲ ಒಟಿಪಿ ಬಂತು. ಮೈದುನನ ಖಾತೆಗೆ 25 ಡಾಲರ್ ಕಳಿಸಿದೆ. ಹೊಸ ಕಾರ್ಡು ಅವನ ಮನೆಗೆ ಬಂದಿದೆಯಂತೆ, ಸಂಕ್ರಾಂತಿಗೆ ಬರುವಾಗ ತರ್ತಾನೆ. ಮಲ್ಲೇಶ್ವರದ ಅಮ್ಮಾ, ನನ್ನ ಡಬ್ಲ್ಯು-2 ಚೀಟಿಗಳೂ ಸಿಕ್ಕಿವೆ, ಅಟ್ಟದ ಮೇಲಿನ ಸೂಟ್‌ಕೇಸಲ್ಲಿ.