ಮಂಡಿ ವಾಸಿಯಾಗಿದೆ ಅಂದರು, ಆದರೆ 40 ನಿಮಿಷ ಸೈಕಲ್ ತುಳಿದರೆ ಚಿಪ್ಪಿನ ಸುತ್ತ ನೋವು. ಎಲ್ಲಿ ತಪ್ಪುತ್ತಿದ್ದೇನೆ?

ಗರಸು_ಹಾದಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

11 ವಾರದ ಹಿಂದೆ ಗಾಳಿಫ್ಯಾನ್ ಗುಡ್ಡದ ಹಾದಿಯಲ್ಲಿ ಇಳಿಯುವಾಗ ಬಿದ್ದೆ. ನಮ್ಮ ಕಡೆಯ ಗರಸು ಗೊತ್ತಲ್ಲ, ತಿರುವಿನಲ್ಲಿ ರಾಗಿ ಕಾಳು ಚೆಲ್ಲಿದ ಹಾಗೆ ಇರುತ್ತದೆ. ಮುಂದಿನ ಚಕ್ರ ಜಾರಿತು. ಬಲಗಾಲು ಬೂಟನ್ನು ಕಚ್ಚಿ ಹಿಡಿಯುವ ಕ್ಲಿಪ್ ಪೆಡಲ್‌ನಲ್ಲೇ ಸಿಕ್ಕಿಕೊಂಡು ಮಂಡಿ ಒಳಗಡೆಗೆ ಬಾಗಿತು. ಮೊದಲು ತೋರಿಸಿದ ಕಡೆ ಬರೀ ಉಳುಕು ಅಂತ ಬಟ್ಟೆ ಸುತ್ತಿ ಕಳಿಸಿದರು. ಹತ್ತು ದಿನವಾದರೂ ಬಾವು ಇಳಿಯಲಿಲ್ಲ. ಆಮೇಲೆ ದಾವಣಗೆರೆಗೆ ಹೋಗಿ ಎಂಆರ್‌ಐ ಮಾಡಿಸಿದೆ. ಎಂಸಿಎಲ್ (ಮಂಡಿಯ ಒಳಬದಿಯ ಲಿಗಮೆಂಟ್) 2ನೇ ದರ್ಜೆಯಷ್ಟು, ಅಂದರೆ ಅರ್ಧಂಬರ್ಧ ಹರಿದಿದೆ, ಎಸಿಎಲ್ (ಮಂಡಿಯ ನಡುವಿನ ಲಿಗಮೆಂಟ್) ಚೆನ್ನಾಗಿದೆ, ಮಿನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಕೂಡ ಚೆನ್ನಾಗಿದೆ ಅಂತ ಬಂತು. ಆಪರೇಷನ್ ಬೇಡ ಅಂದರು. 6 ವಾರ ಪಟ್ಟಿ ಹಾಕಿಕೊಂಡೆ.

7ನೇ ವಾರದಿಂದ ಸೈಕಲ್ ಶುರು ಮಾಡಿದೆ. ಒಳಬದಿಯ ನೋವು ಈಗ ಇಲ್ಲವೇ ಇಲ್ಲ. ಆದರೆ ಹೊಸದೊಂದು ಶುರುವಾಗಿದೆ. 40 ನಿಮಿಷ ತುಳಿದ ಮೇಲೆ ಮಂಡಿಚಿಪ್ಪಿನ ಸುತ್ತ, ಒಳಗೆಲ್ಲೋ ಮರಳು ಅರೆದ ಹಾಗೆ ನೋವು. ಮೆಟ್ಟಿಲು ಇಳಿಯುವಾಗ ಜಾಸ್ತಿ, ಹತ್ತುವಾಗ ಅಷ್ಟಿಲ್ಲ. ಬಸ್ಸಿನಲ್ಲಿ ಮಂಡಿ ಮಡಚಿ ಅರ್ಧ ಗಂಟೆ ಕೂತರೂ ಹಿಡಿದುಕೊಳ್ಳುತ್ತದೆ. ಡಾಕ್ಟರು "ಲಿಗಮೆಂಟ್ ಕೂಡಿದೆ, ನಡೀರಿ" ಅಂತಾರೆ. ನಡೆದರೆ ಏನೂ ಇಲ್ಲ. ಸೈಕಲ್ ಹತ್ತಿದರೆ ಇದು.

ಸೈಕಲ್: 29 ಇಂಚಿನ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್), ಡ್ರಾಪರ್ (ಗುಂಡಿ ಒತ್ತಿ ಸೀಟು ಇಳಿಸುವ ಪೋಸ್ಟ್) ಇಲ್ಲ. ಗೇರಿನ ಹಲ್ಲು ಮುಂದೆ 32, ಹಿಂದೆ 11-46. ಕ್ಲಿಪ್ ತೆಗೆದು ಚಪ್ಪಟೆ ಪೆಡಲ್ ಹಾಕಿದ್ದೇನೆ. ವಯಸ್ಸು 36.

ಮಿರ್ಚಿ_ಮಂಡಕ್ಕಿ (ದಾವಣಗೆರೆ)

ಅಣ್ಣ, ಇಷ್ಟು ತಲೆ ಕೆಡಿಸ್ಕೋಬೇಡಿ. ಉಳುಕು ತೆಗೆಯೋರ ಹತ್ತಿರ ಒಂದು ಸಲ ಹೋಗಿ ಎಣ್ಣೆ ಹಾಕಿ ಎಳೆಸಿಕೊಳ್ಳಿ. ನಮ್ಮ ದೊಡ್ಡಪ್ಪನಿಗೆ ಒಂದೇ ಸಲಕ್ಕೆ ಸರಿಹೋಯ್ತು. ನಾನಂತೂ ನೋವಿದ್ದ ದಿನ ಹೊರಡೋಕೆ ಮುಂಚೆ ಒಂದು ಮಾತ್ರೆ ನುಂಗಿ ಹೋಗ್ತೀನಿ.

ಬಾತಿಗುಡ್ಡ (ದಾವಣಗೆರೆ)

ಮಿರ್ಚಿ, ದಯವಿಟ್ಟು ಬೇಡಪ್ಪ. ಹರಿದು ಕೂಡಿದ ಲಿಗಮೆಂಟ್ ಅದು. ಎಳೆಸಿದರೆ ಮತ್ತೆ ಮೊದಲಿಂದ ಶುರು. ನೋವಿನ ಮಾತ್ರೆ ನುಂಗಿ ತುಳಿಯುವುದು ಅಂದರೆ ಎಣ್ಣೆ ದೀಪ ಹತ್ತಿಕೊಂಡಿದೆ ಅಂತ ಬಲ್ಬೇ ಕಿತ್ತು ಎಸೆದು ಬೈಕ್ ಓಡಿಸಿದ ಹಾಗೆ.

ನಾನು ಎಸಿಎಲ್ ಆಪರೇಷನ್ ಮಾಡಿಸಿಕೊಂಡವನು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಆ ಜಾಗಕ್ಕೆ ಕೂರಿಸಿದರು. ಗುಡ್ಡ ಇಳಿಯೋಕೆ 9 ತಿಂಗಳು ಕಾದೆ. ನಿಮ್ಮದು ಅದಕ್ಕಿಂತ ಒಳ್ಳೆ ಗಾಯ ಸಾರ್. ಎಂಸಿಎಲ್‌ಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಸಾಮಾನ್ಯವಾಗಿ ತಾನೇ ಕೂಡುತ್ತದೆ. ಆದರೂ ಮೊದಲು ಇಷ್ಟಕ್ಕೆ ಉತ್ತರ ಕೊಡಿ. ಮಂಡಿ ಮಧ್ಯದಲ್ಲೆಲ್ಲೋ ಸಿಕ್ಕಿ ಹಾಕಿಕೊಂಡು ನೆಟ್ಟಗೆ ಆಗದೆ ನಿಲ್ಲುತ್ತಾ? ನಡೆಯುವಾಗ ಕುಸಿದು ಬಿಟ್ಟ ಹಾಗೆ ಆಗುತ್ತಾ? ತುಳಿದ ಮಾರನೇ ದಿನ ಊದಿಕೊಳ್ಳುತ್ತಾ? ಮೀನಖಂಡ ಊದಿ ನೋಯುತ್ತಾ? ಮಂಡಿ ಬಿಸಿಯಾಗಿ ಜ್ವರ ಬಂದಿತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಇಲ್ಲಿ ಕೇಳಬೇಡಿ, ಎದ್ದು ಡಾಕ್ಟರ ಹತ್ತಿರ ಹೋಗಿ. ಕೊನೆಯ ಎರಡಕ್ಕೆ ಹೌದು ಅಂದರೆ ಅವತ್ತೇ ಹೋಗಿ.

ಗರಸು_ಹಾದಿ

ಐದಕ್ಕೂ ಇಲ್ಲ ಸಾರ್. ಊತ ಇಲ್ಲ, ಸಿಕ್ಕಿಕೊಳ್ಳೋದಿಲ್ಲ, ಕುಸಿಯೋದಿಲ್ಲ. ಬರೀ ಮುಂಭಾಗದ ನೋವು. ಹತ್ತಕ್ಕೆ 4 ಅಂತ ಕೊಡಬಹುದು. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಹೋಗಿರುತ್ತದೆ.

ಮೆಟ್ಟಿಲು (ದಾವಣಗೆರೆ)

ನಾನು ಫಿಸಿಯೋ ಕೆಲಸ ಮಾಡುವವಳು. ನೋಡದೆ ಇದೇ ಅಂತ ಹೇಳಲ್ಲ. ಆದರೆ ನೀವು ಹೇಳಿದ ಗುರುತು, ಅಂದರೆ ಇಳಿಯುವಾಗ ಜಾಸ್ತಿ, ಮಡಚಿ ಕೂತರೆ ಹಿಡಿಯುವುದು, ಊತ ಇಲ್ಲದಿರುವುದು, ಇವೆಲ್ಲ ಸೇರಿದರೆ ಹರಿದ ಲಿಗಮೆಂಟಿನ ನೋವಿನ ಹಾಗೆ ಕಾಣಲ್ಲ. ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಒತ್ತಿ ಉಜ್ಜುವಾಗ ಬರುವ ನೋವಿನ ಹಾಗಿದೆ.

ಒಂದು ಕೆಲಸ ಮಾಡಿ. ಕಾಲು ಚಾಚಿ ಕೂತು, ಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿ. ದರ್ಜಿ ಟೇಪಿನಲ್ಲಿ ಎರಡೂ ತೊಡೆಯ ಸುತ್ತಳತೆ ತೆಗೆದು ಇಲ್ಲಿ ಹಾಕಿ.

ಸ್ಪ್ಯಾನರ್_12 (ಚಿತ್ರದುರ್ಗ)

ಟೇಪ್ ಕೈಗೆ ತಗೊಂಡಿರೋದ್ರಿಂದ ಇನ್ನೆರಡು ಅಳತೆ ತೆಗೀರಿ ಗುರುಗಳೇ. ಒಂದು, ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವನ್ನು ಕಾಲುಗಳ ಸಂದಿಯಲ್ಲಿ ಗಟ್ಟಿಯಾಗಿ ಮೇಲಕ್ಕೆ ಒತ್ತಿ, ನೆಲದಿಂದ ಪುಸ್ತಕದ ಮೇಲಂಚಿನವರೆಗೆ. ಎರಡು, ಕ್ರ್ಯಾಂಕ್ (ಪೆಡಲ್ ಹಿಡಿದಿರೋ ತೋಳು) ತಿರುಗೋ ಮಧ್ಯದ ಬೋಲ್ಟಿನಿಂದ ಸೀಟ್ ಪೋಸ್ಟ್ ಗುಂಟ ಸೀಟಿನ ನೆತ್ತಿಯವರೆಗೆ.

ಗರಸು_ಹಾದಿ

ತೊಡೆ: ಎಡ 49, ಬಲ 46.5. ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ! ಕನ್ನಡಿಯಲ್ಲಿ ನೋಡಿದಾಗ ಸುಮ್ನೆ ಅನುಮಾನ ಇತ್ತು. ಈಗ ನಾಚಿಕೆಯೇ ಆಯ್ತು.

ಒಳಕಾಲು: 80. ಸೀಟು: 67.

ಸ್ಪ್ಯಾನರ್_12

67?? ಒಳಕಾಲು 80 ಇರೋರಿಗೆ? 80ನ್ನು 0.883ರಿಂದ ಗುಣಿಸಿ ನೋಡಿ. 70.6 ಬರುತ್ತದೆ. ಅದು ಸೀಟಿನ ಎತ್ತರಕ್ಕೆ ಶುರುವಿನ ಅಂದಾಜು ಅಷ್ಟೇ. ಗುಡ್ಡದ ಸೈಕಲ್‌ನಲ್ಲಿ ಒಂದು ಸೆಂಟಿಮೀಟರ್ ಕೆಳಗೆ ಇಡೋರೂ ಇದ್ದಾರೆ. ನೀವು ಮೂರೂವರೆ ಕೆಳಗಿದ್ದೀರಿ. ಬೀಳೋಕೆ ಮುಂಚೆಯೂ ಇಷ್ಟೇ ಇತ್ತಾ? ಸೀಟ್ ಪೋಸ್ಟ್ ಮೇಲೆ ಹಳೇ ಗೀರು ಇದೆಯಾ ನೋಡಿ.

ಗರಸು_ಹಾದಿ

ಹೋಗಿ ನೋಡಿ ಬಂದೆ. ಸೀಟ್ ಪೋಸ್ಟಿಗೆ ನಾನೇ ಸುತ್ತಿದ್ದ ಕರಿ ಟೇಪ್ ಫ್ರೇಮಿನ ಒಳಗೆ ಹೋಗಿ ಕೂತಿದೆ. ಎಳೆದು ಅಳೆದರೆ 70.5.

ಈಗ ನೆನಪಾಯ್ತು. 7ನೇ ವಾರ ಮೊದಲ ಸಲ ಹತ್ತುವಾಗ ಹೆದರಿಕೆ ಇತ್ತು. ಸೀಟಿನ ಮೇಲೆ ಕೂತೇ ಎರಡೂ ಕಾಲು ನೆಲಕ್ಕೆ ಸಿಗಲಿ ಅಂತ ಇಳಿಸಿಕೊಂಡೆ. ಎರಡು ದಿನ ಬಿಟ್ಟು ಏರಿಸೋಣ ಅಂದುಕೊಂಡಿದ್ದೆ. ನಾಲ್ಕು ವಾರ ಆಯ್ತು!

ಬಾತಿಗುಡ್ಡ

ಹಹ್ಹಾ, ಕಳ್ಳ ಮನೆಯೊಳಗೇ ಸಿಕ್ಕ. ಬೇಜಾರು ಮಾಡ್ಕೋಬೇಡಿ, ಬಿದ್ದವರೆಲ್ಲ ಹೀಗೇ ಮಾಡೋದು.

ಸ್ಪ್ಯಾನರ್_12

ಸೀಟು ತಗ್ಗಿದ್ದರೆ ಪೆಡಲ್ ಮೇಲಕ್ಕೆ ಬಂದಾಗ ಮಂಡಿ ಜಾಸ್ತಿ ಮಡಚುತ್ತದೆ. ಮಡಚಿದಷ್ಟೂ ಚಿಪ್ಪು ಮೂಳೆಗೆ ಒತ್ತುತ್ತದೆ. ಆ ಮಡಚಿದ ಸ್ಥಿತಿಯಲ್ಲೇ ನೀವು ಜೋರಾಗಿ ತುಳಿಯೋದು. ನಿಮಿಷಕ್ಕೆ 70 ಸುತ್ತು ಅಂದರೂ 40 ನಿಮಿಷಕ್ಕೆ 2800 ಸಲ. ಮಂಡಿ ಮುಂದೆ ನೋವು ಬಂದರೆ ಮೊದಲು ಸೀಟು ತಗ್ಗಾಯ್ತಾ ನೋಡಿ, ಮಂಡಿ ಹಿಂದೆ ಬಂದರೆ ಎತ್ತರವಾಯ್ತಾ ನೋಡಿ. ಎಲ್ಲ ಸಲ ಹೀಗೇ ಅಂತಲ್ಲ, ಆದರೆ ನನ್ನ ಅಂಗಡಿಗೆ ಮಂಡಿ ನೋವು ಅಂತ ಬರೋರಿಗೆ ನಾನು ಮೊದಲು ಹಿಡಿಯೋದು ಅಲೆನ್ ಕೀಲಿಯನ್ನೇ.

ಹಾಗಂತ ಈಗಲೇ 70.5ಕ್ಕೆ ಏರಿಸಬೇಡಿ. ನಾಲ್ಕು ವಾರದಿಂದ ಕಾಲು ಆ ತಗ್ಗಿಗೆ ಒಗ್ಗಿದೆ. ಸಲಕ್ಕೆ 5 ಮಿಲಿಮೀಟರ್, ಎರಡು ಸವಾರಿಗೆ ಒಮ್ಮೆ. ಒಂದು ಮಾತು: ಬೂಟು ಬದಲಾಗಿದೆ ಅಲ್ವಾ? ಚಪ್ಪಟೆ ಪೆಡಲ್ಲಿಗೆ ಹಾಕೋ ಬೂಟಿನ ಅಟ್ಟೆ ಕ್ಲೀಟ್ ಬೂಟಿಗಿಂತ (ಕ್ಲಿಪ್ ಪೆಡಲ್ಲಿಗೆ ಸಿಕ್ಕಿಸೋ ಲೋಹದ ತುಂಡಿರೋದು) ದಪ್ಪವೋ ತೆಳುವೋ ನೋಡಿ, ದಪ್ಪವಾದರೆ ಆ ವ್ಯತ್ಯಾಸ ಸೀಟಿಗೆ ಸೇರಿಸಿ, ತೆಳುವಾದರೆ ಕಳೆಯಿರಿ. ಕೊನೆಗೆ ಪೆಡಲ್ ಕೆಳಗೆ ಬಂದಾಗ ಮಂಡಿ ಪೂರ್ತಿ ನೆಟ್ಟಗಾಗಬಾರದು. 25ರಿಂದ 35 ಡಿಗ್ರಿ ಬಾಗಿರಬೇಕು. ಹಿಂದಿನಿಂದ ಯಾರಾದರೂ ನೋಡಲಿ, ಸೊಂಟ ಅತ್ತಿತ್ತ ಅಲ್ಲಾಡಿದರೆ ಎತ್ತರವಾಯ್ತು ಅಂತ.

ಗೇರಿನ ವಿಷಯ. ಮುಂದಿನ 32 ಹಲ್ಲಿನ ಚೈನ್‌ರಿಂಗ್ ಬಿಚ್ಚಿ 28 ಹಾಕಬಹುದು, ನಿಮ್ಮ ಕ್ರ್ಯಾಂಕಿಗೆ ಕೂರುತ್ತಾ ಅಂತ ಮೊದಲು ಕೇಳಿಕೊಳ್ಳಿ. ಕೂತರೆ ಎಲ್ಲ ಗೇರೂ ಸರಿಯಾಗಿ 12.5 ಶೇಕಡಾ ಹಗುರ. ಚೈನ್ ಎರಡು ಕೊಂಡಿ ಕಮ್ಮಿ ಮಾಡಬೇಕಾಗಬಹುದು. ಗುಡ್ಡ ಹತ್ತುವಾಗ ನಿಂತು ಗುದ್ದೋದು ಬಿಡಿ, ಕೂತು ನಿಮಿಷಕ್ಕೆ 80 ಸುತ್ತಿನ ಲೆಕ್ಕದಲ್ಲಿ ತಿರುಗಿಸಿ. ಹೊಸ ಸೈಕಲ್ ತಗೊಳ್ಳೋ ದಿನ ಬಂದರೆ 175ರ ಬದಲು 165 ಮಿಲಿಮೀಟರ್ ಕ್ರ್ಯಾಂಕ್ ಕೇಳಿ. ಮಂಡಿ ಕಮ್ಮಿ ಮಡಚುತ್ತದೆ. ಈಗ ಅದಕ್ಕೆ ದುಡ್ಡು ಹಾಕಬೇಡಿ.

ಮೆಟ್ಟಿಲು

ಸ್ಪ್ಯಾನರ್ ಅವರು ಹೇಳಿದ್ದು ಅರ್ಧ. ಸೀಟು ಸರಿ ಮಾಡಿದರೆ ಚಿಪ್ಪಿನ ಮೇಲಿನ ಹೊರೆ ಇಳಿಯುತ್ತದೆ. ಆದರೆ ಉಳಿದ ಹೊರೆ ಹೊರುವ ತೊಡೆಯೇ ಬಡವಾಗಿದೆಯಲ್ಲ. ಮಂಡಿ ಊದಿದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಸರಿಯಾಗಿ ಬಿಗಿಯಲು ಆಗುವುದಿಲ್ಲ. ಜೊತೆಗೆ 6 ವಾರ ಪಟ್ಟಿ. ಲಿಗಮೆಂಟ್ ಕೂಡಿತು, ಸ್ನಾಯು ಕರಗಿತು. ಬರೀ ನಡೆದರೆ ಅದು ವಾಪಸ್ ಬರಲ್ಲ. ಸೈಕಲ್ ತುಳಿದರೂ ಬರಲ್ಲ, ಯಾಕಂದರೆ ಎಡಗಾಲು ಜಾಣ, ಬಲಗಾಲಿನ ಕೆಲಸವನ್ನೂ ಅದೇ ಮಾಡಿಬಿಡುತ್ತದೆ.

ನಿಮ್ಮನ್ನು ನೋಡಿದ ಫಿಸಿಯೋಗೆ ಇದನ್ನು ತೋರಿಸಿ, ಅವರು ಬೇಡ ಅಂದದ್ದು ಬೇಡ. ನಾನು ಸಾಮಾನ್ಯವಾಗಿ ಹೇಳುವುದು ಇಷ್ಟು. ಹಳೇ ಟ್ಯೂಬ್ ಇದೆಯಲ್ಲ, ಪಂಕ್ಚರ್ ಆಗಿ ಮೂಲೆಗೆ ಬಿದ್ದಿರುವುದು? ಅದನ್ನು ಮಂಚದ ಕಾಲಿಗೆ ಕಟ್ಟಿ, ಕುಣಿಕೆ ಮಾಡಿ ಮಂಡಿಯ ಹಿಂದೆ ಹಾಕಿಕೊಳ್ಳಿ. ಮಂಚದ ಕಡೆ ಮುಖ ಮಾಡಿ ನಿಂತು ಮಂಡಿ ಸ್ವಲ್ಪ ಬಾಗಿಸಿ, ಟ್ಯೂಬಿನ ಎಳೆತಕ್ಕೆ ಎದುರಾಗಿ ನಿಧಾನ ನೆಟ್ಟಗೆ ಮಾಡಿ, 5 ಎಣಿಸಿ. ಬಲ ಬರುತ್ತಾ ಬಂದ ಹಾಗೆ ಒಂಟಿ ಕಾಲಲ್ಲಿ ಮೆಟ್ಟಿಲು ಇಳಿಯುವುದು: 15 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಮೇಲೆ ಬಲಗಾಲು, ಎಡ ಹಿಮ್ಮಡಿ ನೆಲ ಮುಟ್ಟುವಷ್ಟು ನಿಧಾನ ಇಳಿಸಿ. ಇಳಿಯಲು 3 ಸೆಕೆಂಡ್. ಮಂಡಿ ಒಳಗಡೆ ವಾಲಬಾರದು, ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಕನ್ನಡಿ ಎದುರು ಮಾಡಿ. ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯುವೂ ಬಡವಾಗಿದೆ ಅಂತ ಅರ್ಥ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದನ್ನೂ ಸೇರಿಸಿ. ಎಲ್ಲವೂ 10ರ ಹಾಗೆ 3 ಸರ್ತಿ, ದಿನ ಬಿಟ್ಟು ದಿನ. ದಿನವೂ ಮಾಡಿದರೆ ಬೇಗ ಆಗುತ್ತೆ ಅಂತ ಮಾಡಬೇಡಿ. ನಿಮ್ಮಂಥ ಸೈಕಲ್ ಹುಚ್ಚರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತೆ.

ನೋವಿನ ಲೆಕ್ಕ ಹೀಗಿಟ್ಟುಕೊಳ್ಳಿ. ಮಾಡುವಾಗ ಹತ್ತಕ್ಕೆ 3ರವರೆಗೆ ಬಂದರೆ ಪರವಾಗಿಲ್ಲ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಹಿಂದಿನ ಸಲ ಜಾಸ್ತಿಯಾಯ್ತು, ಕಮ್ಮಿ ಮಾಡಿ. ನಿಮ್ಮದು 4ಕ್ಕೆ ಹೋಗುತ್ತಿದೆ, ಹಾಗಾಗಿ ಈಗ 25 ನಿಮಿಷಕ್ಕೆ ಇಳಿಸಿ, ನಿಲ್ಲಿಸಬೇಡಿ.

ಇನ್ನೊಂದು, ಇದನ್ನು ಯಾರೂ ಕೇಳಲ್ಲ. ಮನೆಯಲ್ಲಿ ನೆಲದ ಮೇಲೆ ಕೂತು ಊಟವೇ? ಕುಕ್ಕರಗಾಲಿನ ಕಕ್ಕಸೇ? ಎರಡೂ ಮಂಡಿಯನ್ನು ಪೂರ್ತಿ ಮಡಚಿಸುತ್ತವೆ. ಸ್ವಲ್ಪ ದಿನ ಕುರ್ಚಿ ಹಾಕಿಕೊಳ್ಳಿ.

ಗರಸು_ಹಾದಿ

ನೆಲದ ಮೇಲೇ ಅಕ್ಕ, ಎರಡೂ. ಅಮ್ಮನಿಗೆ ಹೇಳಿದೆ, ಕುರ್ಚಿ ಬಂತು. "ಇದನ್ನೇ ನಾನು ಮೊದಲ ದಿನ ಹೇಳಿದ್ದಲ್ವಾ" ಅನ್ನೋ ಮಾತೂ ಜೊತೆಗೆ ಬಂತು.

ಮಿರ್ಚಿ_ಮಂಡಕ್ಕಿ

ಸರಿ ಸರಿ, ಎಣ್ಣೆ ಮಾತು ವಾಪಸ್. ಮಾತ್ರೆದೂ ವಾಪಸ್. ಆದರೆ ಒಂದು ಕೇಳ್ತೀನಿ, ಈ ಆಷಾಢದ ಗಾಳಿಯಲ್ಲಿ ದುರ್ಗದಲ್ಲಿ 25 ನಿಮಿಷ ಹಗುರವಾಗಿ ತುಳಿಯೋದು ಹೇಗೆ? ಸಪಾಟು ರಸ್ತೆಯೂ ಗುಡ್ಡ ಹತ್ತಿದ ಹಾಗೇ ಇರುತ್ತೆ.

ಬಾತಿಗುಡ್ಡ

ಒಳ್ಳೆ ಪ್ರಶ್ನೆ ಮಾರಾಯ. ಗಾಳಿ ಪಶ್ಚಿಮದಿಂದ. ಹೈವೇ 48ರ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮೊದಲು ದಾವಣಗೆರೆ ದಿಕ್ಕಿಗೆ ಹೋಗಲಿ, ಗಾಳಿ ಎದುರಿಗೆ ಇರುತ್ತದೆ, ಕಾಲಿನಲ್ಲಿ ಶಕ್ತಿಯೂ ಇರುತ್ತದೆ. ವಾಪಸ್ ಬರುವಾಗ ಬೆನ್ನಿಗೆ. ಹಿರಿಯೂರು ಕಡೆ ಹೋದರೆ ಉಲ್ಟಾ: ಹೋಗುವಾಗ ನಾನೇ ರಾಜ, ಬರುವಾಗ ಸುಸ್ತಾದ ಮಂಡಿಗೆ ಎದುರುಗಾಳಿ. ಬೆಳಿಗ್ಗೆ 6ಕ್ಕೇ ಹೊರಟರೆ ಗಾಳಿಯೂ ಕಮ್ಮಿ.

ಗರಸು_ಹಾದಿ

*(5 ವಾರದ ನಂತರ)*

ಕೇಳಿದವರು ಕೇಳಿ ಮಾಯವಾದ ಅಂದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ಸೀಟು ಈಗ 70ರಲ್ಲಿದೆ. 70.5ಕ್ಕೆ ಏರಿಸಿದಾಗ ಸೊಂಟ ಅಲ್ಲಾಡುತ್ತಿದೆ ಅಂತ ತಮ್ಮ ಹೇಳಿದ. ಬೂಟಿನ ಅಟ್ಟೆ ತೆಳು, ಅದಕ್ಕೇ ಇರಬೇಕು. ಬಲ ತೊಡೆ 48 ಆಗಿದೆ. ಎಡ ಹಾಗೇ 49. ಮೆಟ್ಟಿಲು ಇಳಿಯುವಾಗ ನೋವಿಲ್ಲ. ಆಡುಮಲ್ಲೇಶ್ವರದವರೆಗೆ ಹೋಗಿ ಬಂದೆ, ಏರಿನಲ್ಲಿ ಹತ್ತಕ್ಕೆ 1, ಮನೆಗೆ ಬರುವಷ್ಟರಲ್ಲಿ ಅದೂ ಇಲ್ಲ. ಮಧ್ಯೆ ಒಂದು ವಾರ ಹುಮ್ಮಸ್ಸಿನಲ್ಲಿ ವ್ಯಾಯಾಮ ದಿನವೂ ಮಾಡಿದೆ, ನೋವು ವಾಪಸ್ ಬಂತು. ಅಕ್ಕ ಎರಡು ಸಲ ಹೇಳಿದ್ದರು, ನನಗೆ ಮೂರನೇ ಸಲ ಬೇಕಿತ್ತು.

ಗರಸಿನ ಇಳಿಜಾರು ಇನ್ನೂ ಮುಟ್ಟಿಲ್ಲ. ಕಾಲಿಗಿಂತ ತಲೆಯಲ್ಲಿ ಹೆದರಿಕೆ ಇದೆ, ಆ ತಿರುವು ನೆನಪಾದರೆ ಈಗಲೂ ಬ್ರೇಕಿನ ಮೇಲೆ ಕೈ ಹೋಗುತ್ತದೆ. ಕ್ಲಿಪ್ ಪೆಡಲ್ ಯಾವಾಗ ಹಾಕಬಹುದು?

ಮೆಟ್ಟಿಲು

48 ಚೆನ್ನಾಗಿದೆ. ಆದರೆ ಸುತ್ತಳತೆ ಬೇರೆ, ಬಲ ಬೇರೆ. ನಿಮ್ಮ ಫಿಸಿಯೋ ಹತ್ತಿರ ಒಂಟಿ ಕಾಲ ಜಿಗಿತ ಅಳೆಸಿ. ಬಲಗಾಲಿನ ದೂರ ಎಡಗಾಲಿನ ದೂರದ 90 ಶೇಕಡಾ ದಾಟಲಿ, ಜಿಗಿದು ಇಳಿದಾಗ ಮಂಡಿ ಒಳಗೆ ವಾಲದಿರಲಿ. ಆಮೇಲೆ ಕ್ಲಿಪ್ ಮಾತು. ಬಿಡಿಸಿಕೊಳ್ಳಲು ಹಿಮ್ಮಡಿ ಹೊರಗೆ ತಿರುಗಿಸುತ್ತೀರಲ್ಲ, ಆಗ ಮಂಡಿಗೂ ತಿರುಚು ಬೀಳುತ್ತದೆ.

ಸ್ಪ್ಯಾನರ್_12

ಆ ದಿನ ಬಂದಾಗ ಪೆಡಲ್‌ನ ಸ್ಪ್ರಿಂಗ್ ಸ್ಕ್ರೂ ಪೂರ್ತಿ ಸಡಿಲ ಮಾಡಿ. ಶಿಮಾನೋ ಆದರೆ 3 ಎಂಎಂ ಅಲೆನ್, ಎರಡೂ ಬದಿ ಇದೆ, ಒಂದು ಬದಿ ಮಾಡಿ ಇನ್ನೊಂದು ಮರೀಬೇಡಿ. ಕ್ಲೀಟ್ ಕೂಡ ಬದಲಾಯಿಸಿ. ಎಸ್‌ಎಚ್51 ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್56 ಹಲವು ದಿಕ್ಕಿಗೆ ಎಳೆದರೂ ಬಿಡುತ್ತದೆ. ಮನೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲೇ 50 ಸಲ ಹಾಕಿ ತೆಗೆದು ಅಭ್ಯಾಸ ಮಾಡಿ, ಆಮೇಲೆ ಬೀದಿಗೆ ಇಳಿಯಿರಿ.

ಮತ್ತೆ ಆ ಕರಿ ಟೇಪ್ ಕಿತ್ತು 70ಕ್ಕೆ ಹೊಸದು ಸುತ್ತಿದ್ರಾ?

ಗರಸು_ಹಾದಿ

ಈಗ ಸುತ್ತಿದೆ.