ಆಯಿಲ್ ಚೇಂಜ್ ಆದ ಮೂರನೇ ದಿನ ಎಂಜಿನ್ ಸದ್ದು: ಗಾಡಿ ಸ್ಟಾರ್ಟ್ ಮಾಡಬಹುದಾ?

ಪ್ರಶ್ನೆ:
ನಮಸ್ಕಾರ ಸರ್. ಮೂರು ದಿನದ ಹಿಂದೆ ಒಂದು ಅಂಗಡಿಯಲ್ಲಿ ಕಾರಿಗೆ ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿಸಿದೆ. ಇಪ್ಪತ್ತೇ ನಿಮಿಷದಲ್ಲಿ ಮುಗಿಸಿ ಕೊಟ್ಟರು. ಇವತ್ತು ಹೆದ್ದಾರಿಯಲ್ಲಿ ಹೋಗುವಾಗ ಮೀಟರಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿತು. ಪಕ್ಕಕ್ಕೆ ತೆಗೆದುಕೊಳ್ಳಲು ಜಾಗ ಇರಲಿಲ್ಲ. ಎರಡು ಮೂರು ನಿಮಿಷ ಹಾಗೇ ಓಡಿಸಿದೆ. ಅಷ್ಟರಲ್ಲಿ ಎಂಜಿನ್ನಿಂದ ಕಟ ಕಟ ಅಂತ ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದರೆ ಕೆಳಗೆಲ್ಲ ಆಯಿಲ್. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲಿ ಒಂದು ಹನಿಯೂ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ, "ಎರಡು ಲೀಟರ್ ಆಯಿಲ್ ಹಾಕಿ ಇಲ್ಲಿಗೆ ಓಡಿಸಿಕೊಂಡು ಬನ್ನಿ, ನೋಡೋಣ" ಅನ್ನುತ್ತಾರೆ. ಹಾಗೆ ಮಾಡಬಹುದಾ?

ಮೆಕ್ಯಾನಿಕ್ ಉತ್ತರ:
ಬೇಡ ಸರ್. ದಯವಿಟ್ಟು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. "ಸದ್ದು ಹೋಯಿತಾ ನೋಡೋಣ" ಅಂತಲೂ ಬೇಡ.

ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲ್ ಒತ್ತಡ ಬಿದ್ದುಹೋಗಿದೆ ಅಂತ ಹೇಳುತ್ತದೆ. ತುಂಬಾ ಗಾಡಿಗಳಲ್ಲಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಹೋದ ಮೇಲೆಯೇ ಅದು ಹತ್ತುವುದು. ಹೆದ್ದಾರಿ ವೇಗದಲ್ಲಿ ಎಂಜಿನ್ನಿಗೆ ಅದರ ಎಷ್ಟೋ ಪಟ್ಟು ಒತ್ತಡ ಬೇಕು. ಪಿಸ್ಟನ್‌ಗಳು ತಿರುಗಿಸುವ ದಪ್ಪ ದಂಡ ಕ್ರ್ಯಾಂಕ್‌ಗೂ, ಅದು ಕೂತು ತಿರುಗುವ ಬೇರಿಂಗ್‌ಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ಅಲ್ಲಿ ಆಯಿಲ್ ಪದರ ಇದ್ದರೆ ಲೋಹ ಲೋಹಕ್ಕೆ ತಾಗುವುದಿಲ್ಲ. ಪದರ ಹೋದರೆ ಬೇರಿಂಗಿನ ಮೆತ್ತನೆಯ ಮೇಲ್ಪದರ ಕೆಲವೇ ಕ್ಷಣದಲ್ಲಿ ಉಜ್ಜಿಹೋಗುತ್ತದೆ. ನೀವು ಹೇಳುವ ಕಟ ಕಟ ಸದ್ದು ಅದೇ ಇರಬಹುದು ಅನ್ನುವುದು ನನ್ನ ಭಯ. ಸವೆದ ಬೇರಿಂಗಿಗೆ ಮೇಲಿಂದ ಎಷ್ಟು ಆಯಿಲ್ ಸುರಿದರೂ ಸರಿಯಾಗುವುದಿಲ್ಲ. ದೀಪ ಆರಬಹುದು, ಸದ್ದು ಸ್ವಲ್ಪ ಕಡಿಮೆಯೂ ಆಗಬಹುದು. ಆದರೆ ಉದುರಿದ ಲೋಹದ ಪುಡಿ ಆಯಿಲ್ ಜೊತೆ ಎಲ್ಲ ಕಡೆ ಸುತ್ತಿ ಉಳಿದದ್ದನ್ನೂ ಕೆಡಿಸುತ್ತದೆ.

ಇನ್ನೊಂದು ಮಾತು. ನೀವೇ ಆಯಿಲ್ ಹಾಕಿ ಓಡಿಸಿಕೊಂಡು ಹೋದರೆ, ನಾಳೆ ಅವರು "ಬರುವಾಗ ಚೆನ್ನಾಗೇ ಇತ್ತಲ್ಲ" ಅನ್ನಬಹುದು. ಈಗ ಗಾಡಿ ಹೇಗಿದೆಯೋ ಹಾಗೇ ಇರಲಿ. ಮೀಟರಿನ ಕಿಲೋಮೀಟರ್, ನೆಲದ ಆಯಿಲ್, ಒಣಗಿದ ಡಿಪ್‌ಸ್ಟಿಕ್, ಕೆಳಗಿನ ಡ್ರೈನ್ ಬೋಲ್ಟ್, ಫಿಲ್ಟರ್, ಎಲ್ಲದರ ಫೋಟೋ ತೆಗೆಯಿರಿ. ಬಿಲ್ ಕೂಡ. ಆಮೇಲೆ ಟೋಯಿಂಗ್ ಗಾಡಿ ಕರೆಸಿ, ಆ ಅಂಗಡಿಗೆ ಸಂಬಂಧವೇ ಇಲ್ಲದ ಗ್ಯಾರೇಜಿಗೆ ಕಳಿಸಿ. ಅಲ್ಲಿಯೂ ಮೊದಲೇ ಹೇಳಿಬಿಡಿ: ಫೋಟೋ ತೆಗೆಯದೆ ಏನನ್ನೂ ಬಿಚ್ಚಬಾರದು, ಬಿಚ್ಚಿದ್ದನ್ನು ಎಸೆಯಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಟೋ ಮಾಡಿಸಿ ಬೇರೆ ಗ್ಯಾರೇಜಿಗೆ ಹಾಕಿದ್ದೇನೆ. ಡ್ರೈನ್ ಬೋಲ್ಟ್ ಬಿಗಿಯಾಗೇ ಇದೆಯಂತೆ. ಫಿಲ್ಟರ್ ಬಿಚ್ಚಿದಾಗ ಒಂದರ ಮೇಲೆ ಒಂದು ಎರಡು ರಬ್ಬರ್ ರಿಂಗ್ ಸಿಕ್ಕಿದವು, ಒಂದು ಪಕ್ಕಕ್ಕೆ ಹಿಸುಕಿಕೊಂಡು ಹೊರಗೆ ಬಂದಿತ್ತು. ಇದು ಅಂಗಡಿಯವರ ತಪ್ಪೇ ಅಲ್ವಾ? ಮೂರು ದಿನ ಹೇಗೆ ಸುಮ್ಮನಿತ್ತು ಅಂತ ಅವರು ಕೇಳುತ್ತಿದ್ದಾರೆ.

ಮೆಕ್ಯಾನಿಕ್ ಉತ್ತರ:
ಕಾರಣ ಸಿಕ್ಕಿತು ಸರ್. ಹಳೆ ಫಿಲ್ಟರ್ ತಿರುಗಿಸಿ ತೆಗೆಯುವಾಗ ಅದರ ರಬ್ಬರ್ ರಿಂಗ್ ಬಿಸಿಗೆ ಅಂಟಿಕೊಂಡು ಎಂಜಿನ್ ಮೇಲೆಯೇ ಉಳಿದುಬಿಡುವುದುಂಟು. ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ನೋಡದೆ ಹೊಸ ಫಿಲ್ಟರ್ ಹಾಕಿದರೆ ರಿಂಗ್ ಮೇಲೆ ರಿಂಗ್ ಕೂರುತ್ತದೆ. ಫಿಲ್ಟರಿನಲ್ಲಿ ಇರುವುದು ಒಂದೇ ರಿಂಗಿಗೆ ಜಾಗ. ಎರಡನೆಯದಕ್ಕೆ ಹಿಡಿತವೇ ಇರುವುದಿಲ್ಲ. ನಿಧಾನವಾಗಿ ಓಡಿಸುವಾಗ ಹೇಗೋ ತಡೆದುಕೊಂಡಿರುತ್ತದೆ. ಹೆದ್ದಾರಿಯಲ್ಲಿ ಆರ್‌ಪಿಎಂ ಏರಿ ಒತ್ತಡ ಜಾಸ್ತಿಯಾದಾಗ ರಿಂಗ್ ಪಕ್ಕಕ್ಕೆ ಚಿಮ್ಮುತ್ತದೆ. ಆಮೇಲೆ ಪಂಪೇ ಆಯಿಲ್ಲನ್ನು ಹೊರಗೆ ತಳ್ಳುತ್ತದೆ, ಕೆಲವೇ ನಿಮಿಷದಲ್ಲಿ ಖಾಲಿ. ಮೂರು ದಿನ ಸುಮ್ಮನಿದ್ದದ್ದಕ್ಕೆ ಉತ್ತರ ಇದೇ.

ಆ ಎರಡು ರಿಂಗ್, ಫಿಲ್ಟರ್ ಒಟ್ಟಿಗೆ ಒಂದು ಕವರಿನಲ್ಲಿ ಹಾಕಿ ನಿಮ್ಮ ಮನೆಯಲ್ಲಿಡಿ. ಗ್ಯಾರೇಜಿನಲ್ಲಿ ಬಿಡಬೇಡಿ. ಅಂಗಡಿಯವರು ಕೇಳಿದರೆ ತೋರಿಸಿ, ಕೈಗೆ ಕೊಡಬೇಡಿ. ತಳದಲ್ಲಿ ಉಳಿದ ಆಯಿಲ್ಲನ್ನು ಶುಭ್ರವಾದ ಬಾಟಲಿಗೆ ತುಂಬಿಸಿ ತಾರೀಖು ಬರೆದಿಡಿ.

ಈಗ ನಷ್ಟ ಎಷ್ಟು ಅಂತ ಗೊತ್ತಾಗಬೇಕು. ಕಂಪ್ರೆಷನ್ ಟೆಸ್ಟ್ ಒಂದನ್ನೇ ಮಾಡಿ "ಎಂಜಿನ್ ಚೆನ್ನಾಗಿದೆ" ಅಂದರೆ ಒಪ್ಪಬೇಡಿ. ಅದು ಪಿಸ್ಟನ್ ರಿಂಗ್, ವಾಲ್ವ್ ಬಗ್ಗೆ ಹೇಳುತ್ತದೆ, ಬೇರಿಂಗ್ ಬಗ್ಗೆ ಹೇಳುವುದಿಲ್ಲ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಲಿ. ಕತ್ತರಿಸುವ ಮೊದಲು ಅಂಗಡಿಯವರಿಗೆ ತಿಳಿಸಿ. ಹೊಳೆಯುವ ಚೂರು ಕಂಡರೆ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಲ್ಲಿ ಒಂದೆರಡರ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡಲೇಬೇಕು. ಅಂಗಡಿಯವರಿಗೆ ದಿನ, ಸಮಯ ಬರೆದು ತಿಳಿಸಿ, ಅವರ ಎದುರೇ ಬಿಚ್ಚಿಸಿ. ಬರಲಿಲ್ಲ ಅಂದರೆ ಅದೂ ದಾಖಲೆಯೇ.

ಇನ್ನೊಬ್ಬ ಸದಸ್ಯರು:
ಸರ್, ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನಗೆ ಆಯಿಲ್ ಜಾಸ್ತಿ ಹಾಕಿ ಕಳಿಸಿದ್ದಾರೆ. ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿದೆ. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಮೆಕ್ಯಾನಿಕ್ ಉತ್ತರ:
ಒಳ್ಳೆಯದಲ್ಲ ಮೇಡಂ. ಮಟ್ಟ ತುಂಬಾ ಮೇಲಿದ್ದರೆ ತಿರುಗುವ ಕ್ರ್ಯಾಂಕ್ ಆಯಿಲ್ಲನ್ನು ಕಡೆಯುತ್ತದೆ, ಮಜ್ಜಿಗೆ ಕಡೆದ ಹಾಗೆ ನೊರೆ ಬರುತ್ತದೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಬೇರಿಂಗ್ ಕಾಯುವುದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಮೇಲಿದ್ದರೆ ಗಾಡಿ ಓಡಿಸದೆ ಹೆಚ್ಚಿನದನ್ನು ತೆಗೆಸಿ. ಗೇರ್‌ಬಾಕ್ಸ್ ಆಯಿಲ್ ಕೂಡ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಎಂಜಿನ್ ಬದಲು ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿ ಆ ಆಯಿಲ್ ಇಳಿಸಿ, ತುಂಬಿದ್ದ ಎಂಜಿನ್ನಿಗೇ ಮತ್ತೆ ಆಯಿಲ್ ಸುರಿದಿರುತ್ತಾರೆ.

ಪ್ರಶ್ನೆ ಕೇಳಿದವರು:
ಸರ್, ಬೇರಿಂಗ್ ಬಿಚ್ಚಿದರು. ಎರಡರಲ್ಲಿ ತಾಮ್ರದ ಬಣ್ಣ ಕಾಣುತ್ತಿದೆ, ಕ್ರ್ಯಾಂಕ್ ಮೇಲೂ ಗೀರು. ಅಂಗಡಿಯವರು ಬಂದು ನೋಡಿ, "ದೀಪ ಹತ್ತಿದ ಮೇಲೂ ಓಡಿಸಿದ್ದು ನಿಮ್ಮ ತಪ್ಪು, ಬೇಕಾದರೆ ಬೇರಿಂಗ್ ಮಾತ್ರ ಹಾಕಿಕೊಡ್ತೀವಿ, ಇಲ್ಲಿ ಸೈನ್ ಮಾಡಿ" ಅನ್ನುತ್ತಿದ್ದಾರೆ.

ಮೆಕ್ಯಾನಿಕ್ ಉತ್ತರ:
ಕೇಳಿ ಬೇಸರವಾಯಿತು ಸರ್. ಇಂಥದ್ದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ನಮ್ಮ ಕೆಲಸದವರೇ ಮಾಡಿದ್ದು ಅಂತ.

ಸೈನ್ ಮಾಡಬೇಡಿ. "ಇನ್ನು ಯಾವ ಬೇಡಿಕೆಯೂ ಇಲ್ಲ" ಅಂತ ಒಂದು ಸಾಲು ಅದರಲ್ಲಿದ್ದರೆ ಮುಂದೆ ಬಾಯಿ ಕಟ್ಟಿದ ಹಾಗೆ. ತಾಮ್ರದ ಬಣ್ಣ ಕಂಡಿತು ಅಂದರೆ ಬೇರಿಂಗಿನ ಮೇಲ್ಪದರ ಸವೆದುಹೋಗಿದೆ. ಗೀರು ಬಿದ್ದ ಕ್ರ್ಯಾಂಕಿಗೆ ಹೊಸ ಬೇರಿಂಗ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಕ್ರ್ಯಾಂಕ್ ಅಳತೆ ಮಾಡಿ, ಗ್ರೈಂಡಿಂಗ್ ಮಾಡಿಸಬೇಕು ಇಲ್ಲವೇ ಬದಲಿಸಬೇಕು. ಆಯಿಲ್ ದಾರಿಗಳನ್ನೆಲ್ಲ ತೊಳೆಯಬೇಕು, ಪಂಪ್ ನೋಡಬೇಕು. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇದ್ದರೆ ಅದನ್ನು ಮರೆಯಲೇಬೇಡಿ, ಅದು ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿ ತಿರುಗುವ ವಸ್ತು, ಅದಕ್ಕೂ ಇದೇ ಆಯಿಲ್. ಆಯಿಲ್ ಕೂಲರ್ ಒಳಗೆ ಸಿಕ್ಕಿಕೊಂಡ ಪುಡಿ ಪೂರ್ತಿ ಹೋಗುವುದು ಕಷ್ಟ, ಹೊಸದು ಹಾಕಿಸುವುದೇ ಸರಿ.

ದೀಪದ ವಿಷಯದಲ್ಲಿ ಸುಳ್ಳು ಹೇಳಬೇಡಿ. ಎರಡು ಮೂರು ನಿಮಿಷ ಓಡಿಸಿದೆ, ನಿಲ್ಲಿಸಲು ಜಾಗ ಇರಲಿಲ್ಲ ಅಂತ ಇದ್ದದ್ದನ್ನೇ ಬರೆಯಿರಿ. ಅವರು ಅದನ್ನು ಹಿಡಿದು ಸ್ವಲ್ಪ ಪಾಲು ನಿಮ್ಮ ಮೇಲೆ ಹಾಕಲು ನೋಡಬಹುದು. ಆದರೆ ಎರಡು ರಿಂಗ್ ಇಲ್ಲದಿದ್ದರೆ ಆ ದೀಪ ಹತ್ತುತ್ತಲೇ ಇರಲಿಲ್ಲ. ಗ್ಯಾರೇಜಿನಿಂದ ಕಾರಣ, ನಷ್ಟ, ಖರ್ಚಿನ ಅಂದಾಜು ಮೂರನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಟೋಯಿಂಗ್ ಬಿಲ್ಲೂ ಸೇರಿಸಿ ಅಂಗಡಿಯ ಮಾಲೀಕರಿಗೇ ಪತ್ರ ಕೊಡಿ, ಉತ್ತರಕ್ಕೆ ಒಂದು ತಾರೀಖು ಹಾಕಿ. ಇಂಥ ತಪ್ಪಿಗೆ ಅವರಿಗೆ ವಿಮೆ ಇದೆಯಾ ಅಂತಲೂ ಕೇಳಿ. ಒಪ್ಪದಿದ್ದರೆ ಅದೇ ಕಾಗದಗಳನ್ನು ಹಿಡಿದು ಗ್ರಾಹಕರ ದೂರು ಕೊಡಬಹುದು.

ಅಲ್ಲಿಯವರೆಗೆ ಎಂಜಿನ್ ಜೋಡಿಸಲು ಬಿಡಬೇಡಿ. ಹಳೆ ಬೇರಿಂಗ್‌ಗಳನ್ನು ತಗೊಂಡಿರಾ? ಇಲ್ಲದಿದ್ದರೆ ಇವತ್ತೇ ಹೋಗಿ ತನ್ನಿ.