ಸಹಾಯ ಬೇಕು: ಕ್ಯಾಂಪರ್ ವ್ಯಾನಿಗೆ ಯಾವ ಫ್ರಿಜ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಪ್ರವಾಸದಲ್ಲಿ ಒಳಗೇ ಉಳಿದುಕೊಳ್ಳಬಹುದಾದ ಕ್ಯಾಂಪರ್ ವ್ಯಾನ್ ಆಗಿ ಮಾರ್ಪಡಿಸುತ್ತಿದ್ದು, ಫ್ರಿಜ್ ವಿಷಯದಲ್ಲಿ ಮಾತ್ರ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಕಂಪ್ರೆಸರ್ ಇಲ್ಲದೆ ವಿದ್ಯುತ್ತಿನಿಂದಲೇ ತಂಪು ಮಾಡುವ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆ ಅಗ್ಗವಾದರೂ ಹೊರಗಿನ ತಾಪಮಾನಕ್ಕಿಂತ ಸುಮಾರು 20 ಡಿಗ್ರಿಯಷ್ಟು ಮಾತ್ರ ತಂಪು ಮಾಡುವುದರಿಂದ, 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ನಂಬಿ ಹಾಲು ಇಡುವಂತಿಲ್ಲ. ಗ್ಯಾಸಿನಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ವಾಹನ ಸಮತಟ್ಟಾಗಿ ನಿಂತಿರಬೇಕು. ಮಲೆನಾಡಿನ ಇಳಿಜಾರುಗಳಲ್ಲಿ ಅದು ಆಗದ ಮಾತು. ಹೀಗಾಗಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಒಂದೇ ಉಳಿದಿದೆ.

ನಮ್ಮ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಶಕ್ತಿಯಿದೆ. 50 ವ್ಯಾಟಿನ ಕಂಪ್ರೆಸರ್ ದಿನದ ಅರ್ಧ ಹೊತ್ತು ಓಡಿದರೂ 600 ವ್ಯಾಟ್-ಅವರ್ ಬೇಕಾಗುವುದರಿಂದ, ಮೋಡ ಕವಿದ ಮಳೆಗಾಲದಲ್ಲಿ ಸೋಲಾರ್ ಫಲಕ ಕೈಕೊಟ್ಟರೆ ಎರಡೇ ದಿನಕ್ಕೆ ಬ್ಯಾಟರಿ ಬರಿದಾದೀತೆಂಬ ಚಿಂತೆ ನಮ್ಮದು.

ಮೇಲಿನಿಂದ ತೆರೆಯುವ ಫ್ರಿಜ್‌ನಲ್ಲಿ ತಂಪು ಗಾಳಿ ಚೆಲ್ಲಿಹೋಗುವುದಿಲ್ಲ ಎಂಬುದು ನಿಜ. ಆದರೆ ತಳದಲ್ಲಿರುವ ಸೊಪ್ಪಿಗಾಗಿ ಮೇಲಿನದೆಲ್ಲವನ್ನೂ ಹೊರಗಿಡಬೇಕಲ್ಲ ಎಂಬ ಮನೆಯವರ ತಕರಾರನ್ನೂ ಅಲ್ಲಗಳೆಯಲಾಗದು. ಇಬ್ಬರಿಗೆ 40 ಲೀಟರ್ ಸಾಕಾಗುವುದೇ? ಮರದ ಕಪಾಟಿನೊಳಗೆ ಕೂರಿಸಿದರೆ ಬಿಸಿಗಾಳಿ ಹೊರಹೋಗಲು ಎಷ್ಟು ಜಾಗ ಬಿಡಬೇಕು? ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ ಎಷ್ಟು ದಪ್ಪದ ತಂತಿ ಎಳೆಯಬೇಕು? ಸ್ವತಃ ಬಳಸಿದವರು ದಯವಿಟ್ಟು ತಿಳಿಸಿ.